ಊರು ಬಿಟ್ಟವರ ಸಾಕ್ಷ್ಯ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ವಲಸೆ, ಪಟ್ಟಣ ಮತ್ತು ಕಲೆ

ಶಿವಮೊಗ್ಗ ಜಿಲ್ಲೆಯಲ್ಲಿ ‘ನಗರ’ ಎಂಬುದು ಇಂದು ಒಂದು ಹಳ್ಳಿಯ ಹೆಸರು. ಅದರ ತಾಲೂಕು ಕೇಂದ್ರ ಹೊಸನಗರ. ಹಿಂದೆ ಕಲ್ಲೂರುಕಟ್ಟೆ ಎನಿಸಿಕೊಂಡಿದ್ದ ಊರಿಗೆ 19ನೆಯ ಶತಮಾನದ ಕೊನೆಯ ದಶಕದಲ್ಲಿ ತಾಲೂಕು ಕಚೇರಿ ಬಂದಾಗ ಅದರೊಡನೆ ಹೊಸ ಹೆಸರೂ ಬಂದಿತು. ಬಿ. ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟವನ್ನು 1904ರಲ್ಲಿ ಪ್ರಕಟಿಸಿದಾಗ ಈ ಸೀಮೆಯ ಶಾಸನಗಳನ್ನು ‘ನಗರ’ ತಾಲೂಕಿನ ಹೆಸರಿನಲ್ಲಿಯೇ ಎಣಿಸಿದನು. ಆದುದರಿಂದ ಹೊಂಬುಜದ ಶಾಸನಗಳನ್ನು ಸಂಶೋಧಕರು ಇಂದಿಗೂ ‘ನಗರ’ ಎಂದು ಸಂಖ್ಯೆ ಕೊಟ್ಟು ಉಲ್ಲೇಖಿಸುತ್ತಾರೆ. ಊರು ಹೋದರೂ ಅಡಿಟಿಪ್ಪಣಿಯಲ್ಲಿ ಅದು ಉಳಿದುಕೊಂಡಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಚರಿತ್ರೆಯನ್ನು ಸಾಮಾನ್ಯವಾಗಿ ರಾಜಮನೆತನಗಳ ಅನುಕ್ರಮವಾಗಿ ಬರೆಯಲಾಗಿದೆ: ಸಾಂತರರು, ಕೆಳದಿಯ ನಾಯಕರು, ಹೈದರ್ ಮತ್ತು ಟಿಪ್ಪು, ಮೈಸೂರು ಸಂಸ್ಥಾನ. ಇದೇ ಸೀಮೆಯನ್ನು ವಲಸೆಯ ಚರಿತ್ರೆಯಾಗಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಇಲ್ಲಿ ಪಟ್ಟಣಗಳು ಒಂದೆಡೆ ನಿಂತು ಬೆಳೆದದ್ದಕ್ಕಿಂತ ಸ್ಥಳ ಬದಲಿಸಿದ್ದೇ ಹೆಚ್ಚು. ಪೊಂಬುರ್ಚದಿಂದ ಕಳಸ, ಕಾರ್ಕಳಗಳಿಗೆ, ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ, ನಗರದಿಂದ ಹೊಸನಗರಕ್ಕೆ, ಕೊನೆಗೆ ಶರಾವತಿಯ ಕಣಿವೆಯಿಂದ ಎಲ್ಲೆಲ್ಲಿಗೋ. ಪ್ರತಿ ಸಲವೂ ಲಿಖಿತ ದಾಖಲೆ ಹೇಳುವುದು ಒಡೆಯನ ಹೆಸರನ್ನು, ದತ್ತಿಯ ಗಡಿಯನ್ನು, ಪರಿಹಾರದ ಎಕರೆಯನ್ನು. ಅಲ್ಲಿ ಬದುಕಿದವರು ತಮ್ಮ ಊರನ್ನು ಹೇಗೆ ಕಂಡಿದ್ದರು, ಬಿಡುವಾಗ ಏನನ್ನು ಹೊತ್ತೊಯ್ದರು ಎಂಬುದು ಆ ದಾಖಲೆಗಳಲ್ಲಿಲ್ಲ. ಅದಕ್ಕೆ ಸಾಕ್ಷ್ಯವಿರುವುದು ಕೈಯಿಂದ ಮಾಡಿದ ವಸ್ತುಗಳಲ್ಲಿ: ವಿಗ್ರಹದಲ್ಲಿ, ದೇಗುಲದ ನೆಲಹಾಸಿನಲ್ಲಿ, ಮನೆಯ ಗೋಡೆಯಲ್ಲಿ. ಈ ಸಾಕ್ಷ್ಯವನ್ನು ಓದಲು ಕಲಾಚರಿತ್ರೆಯೊಂದೇ ಸಾಲದು, ಮಾನವಶಾಸ್ತ್ರವೊಂದೇ ಸಾಲದು.

ಹೊಂಬುಜದ ಮೂಲಕಥೆಯೇ ಒಂದು ವಲಸೆಯ ಕಥೆ. ಉತ್ತರ ಮಧುರೆಯ ಉಗ್ರವಂಶದ ರಾಜಕುಮಾರ ಜಿನದತ್ತನು ತಂದೆಯ ಮನೆಯಲ್ಲಿ ಪ್ರಾಣಕ್ಕೆ ಅಪಾಯ ಒದಗಿದಾಗ ಪದ್ಮಾವತಿಯ ವಿಗ್ರಹದೊಡನೆ ಕುದುರೆಯೇರಿ ದಕ್ಷಿಣಕ್ಕೆ ಬಂದನು; ಲಕ್ಕಿಯ ಮರದ ಬಳಿ ದೇವಿ ನೆಲೆನಿಂತಳು; ಅಲ್ಲಿಯೇ ಊರು ಕಟ್ಟಿದನು. ಜಿನದತ್ತನು ಉತ್ತರ ಮಧುರೆಯಿಂದ ಬಂದನೆಂಬ ಮಾತು 11ನೆಯ ಶತಮಾನದ ಸಾಂತರ ಶಾಸನಗಳಲ್ಲಿಯೂ ಬರುತ್ತದೆ. ಚರಿತ್ರಕಾರರು ಈ ಕಥೆಯ ನಿಜಾನಿಜಗಳನ್ನು ಸಾಕಷ್ಟು ಚರ್ಚಿಸಿದ್ದಾರೆ. ಮಧುರೆ ಯಾವುದು, ಜಿನದತ್ತನ ಕಾಲ ಯಾವುದು ಎಂಬ ಪ್ರಶ್ನೆಗಳಿಗೆ ಅವುಗಳದೇ ಆದ ಬೆಲೆಯಿದೆ. ಆದರೆ ಆ ಚರ್ಚೆಯಲ್ಲಿ ಲಕ್ಕಿಯ ಮರ ಬದಿಗೆ ಸರಿದುಬಿಟ್ಟಿತು.

ಮಾನವಶಾಸ್ತ್ರದ ಅಭ್ಯಾಸವುಳ್ಳ ಓದುಗ ಮೊದಲು ಕೈಹಾಕುವುದೇ ಆ ಮರಕ್ಕೆ. ಹೊಂಬುಜದ ಯಕ್ಷಿಯನ್ನು ಶಾಸನಗಳು ಲೊಕ್ಕಿಯಬ್ಬೆ ಎಂದೂ ಕರೆದಿವೆ. ಲಕ್ಕಿ ಮಲೆನಾಡಿನ ಹೊಲದಂಚಿನಲ್ಲಿ, ಹಳ್ಳದ ಬದಿಯಲ್ಲಿ ತಾನಾಗಿ ಬೆಳೆಯುವ ಗಿಡ. ಬಾಣಂತಿಯ ಸ್ನಾನಕ್ಕೂ ಮೈಕೈ ನೋವಿಗೂ ಅದರ ಎಲೆಯನ್ನು ಬಳಸುವವರು ಇಂದಿಗೂ ಇದ್ದಾರೆ. ‘ಅಬ್ಬೆ’ ಎಂದರೆ ತಾಯಿ. ಪಾರ್ಶ್ವನಾಥನ ಶಾಸನದೇವತೆಯಾದ ಪದ್ಮಾವತಿಗೆ ಊರ ಗಿಡದ ಹೆಸರು ಅಂಟಿಕೊಂಡದ್ದು ಆಕಸ್ಮಿಕವಲ್ಲ. ಬಂದವನು ತನ್ನ ದೇವಿಯನ್ನು ತಂದನು. ಇದ್ದವರು ತಮ್ಮ ಗಿಡದ ತಾಯಿಯನ್ನು ಬಿಟ್ಟುಕೊಡಲಿಲ್ಲ. ಎರಡು ಒಂದಾದ ಮೇಲೆಯೇ ಅದು ಊರಾಯಿತು ಎಂದು ಓದುವುದು ಹೆಚ್ಚು ಸಮಂಜಸ. ಲಕ್ಕಿ ಇಂದಿಗೂ ಅಲ್ಲಿ ಪೂಜೆಗೊಳ್ಳುತ್ತದೆ. ಭಕ್ತರ ಪಾಲಿಗೆ ಅದು ದೇವಿಯ ಸಾನ್ನಿಧ್ಯ; ಚರಿತ್ರೆಯ ವಿದ್ಯಾರ್ಥಿಗೆ ಅದು ಒಂದು ಒಪ್ಪಂದದ ದಾಖಲೆಯೂ ಹೌದು. ಈ ಎರಡು ನೋಟಗಳು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ.

ಬ್ರಿಟಿಷ್ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಜೆಲ್ 1998ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಕಲಾಕೃತಿ ಏನನ್ನು ಸೂಚಿಸುತ್ತದೆ ಎಂಬುದಕ್ಕಿಂತ ಅದು ಜನರ ನಡುವೆ ಏನನ್ನು ಮಾಡುತ್ತದೆ ಎಂಬುದನ್ನು ಕೇಳಬೇಕೆಂದು ವಾದಿಸಿದನು. ಹೊಂಬುಜದ ಪಂಚಕೂಟ ಬಸದಿಗೆ ಈ ಪ್ರಶ್ನೆ ಚೆನ್ನಾಗಿ ಹೊಂದುತ್ತದೆ. ಕ್ರಿ.ಶ. 1077ರಲ್ಲಿ ‘ಉರ್ವೀತಿಲಕ’ ಎಂಬ ಹೆಸರಿನ ಈ ಬಸದಿಯನ್ನು ಮಾಡಿಸಿದವಳು ಚಟ್ಟಲದೇವಿ. ಅವಳು ಸಾಂತರ ಮನೆತನದಲ್ಲಿ ಹುಟ್ಟಿದವಳಲ್ಲ. ಗಂಗರ ಮಗಳು, ಪಲ್ಲವ ಕಾಡುವೆಟ್ಟಿಯ ಪತ್ನಿ. ಸಹೋದರಿ ಬೀರಲದೇವಿ ಸಾಂತರರ ಸೊಸೆಯಾಗಿ ಬಂದು ನಾಲ್ವರು ಗಂಡುಮಕ್ಕಳನ್ನು ಬಿಟ್ಟು ಅಗಲಿದಾಗ, ಆ ಮಕ್ಕಳನ್ನು ತನ್ನವರಂತೆ ಸಾಕಿದವಳು. ಬಸದಿಯನ್ನು ಅವಳು ಕಟ್ಟಿಸಿದ್ದು ಅಗಲಿದ ತನ್ನ ಬಂಧುಗಳ ಪರೋಕ್ಷವಿನಯಕ್ಕಾಗಿ. ಶೈಲಿ, ಸ್ತಂಭ, ಶಿಖರಗಳ ವಿವರಣೆಯಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ತವರಿನಿಂದಲೂ ಗಂಡನ ಮನೆಯಿಂದಲೂ ದೂರದಲ್ಲಿದ್ದ ಒಬ್ಬ ಹೆಂಗಸು ತನ್ನವರೆಲ್ಲರ ನೆನಪನ್ನು ಮತ್ತೊಬ್ಬರ ರಾಜಧಾನಿಯಲ್ಲಿ ಕಲ್ಲಾಗಿಸಿದಳು. ಬಸದಿ ಅವಳನ್ನು ಆ ಊರಿನವಳನ್ನಾಗಿ ಮಾಡಿತು. ಅವಳ ಶಾಸನವೇ ಸಾಂತರರ ವಂಶಾವಳಿಗೆ ಮುಖ್ಯ ಆಧಾರಗಳಲ್ಲಿ ಒಂದಾಗಿರುವುದನ್ನು ನೋಡಿದರೆ, ಸಾಂತರ ಚರಿತ್ರೆಯನ್ನು ನಮಗೆ ಉಳಿಸಿಕೊಟ್ಟವಳು ಹೊರಗಿನಿಂದ ಬಂದವಳು ಎಂದರೆ ತಪ್ಪಾಗದು.

ಜೈನ ಅಧ್ಯಯನಗಳ ಬಗೆಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಂಬುಜವನ್ನು ಕುರಿತ ಬರವಣಿಗೆ ದಾನಿಗಳನ್ನೂ ಆಚಾರ್ಯ ಪರಂಪರೆಯನ್ನೂ ಎಷ್ಟು ಶ್ರದ್ಧೆಯಿಂದ ಗುರುತಿಸಿದೆಯೋ ಅಷ್ಟೇ ಉದಾಸೀನವನ್ನು ಪಟ್ಟಣದ ಉಳಿದ ಜನರ ಬಗೆಗೆ ತೋರಿದೆ. ಅಲ್ಲಿಯೇ ಬೋಗಾರ ಬಸದಿಯಿದೆ. ಬೋಗಾರರು ಕಂಚು ಹಿತ್ತಾಳೆಯ ಪಾತ್ರೆಗಳ ತಯಾರಿಕೆ ಮತ್ತು ವ್ಯಾಪಾರದ ಜೈನರು. ಒಂದು ಕಸುಬಿನವರ ಹೆಸರಿನಲ್ಲಿ ಬಸದಿಯಿದೆಯೆಂದರೆ ಆ ಊರಿನಲ್ಲಿ ಅವರ ಕೇರಿಯಿತ್ತು, ಕುಲುಮೆಯಿತ್ತು, ಸಂತೆಯಿತ್ತು ಎಂದು ಊಹಿಸಬೇಕಾಗುತ್ತದೆ. ಮುತ್ತಿನಕೆರೆಯ ಆಸುಪಾಸಿನಲ್ಲಿ ಚದುರಿರುವ ಅವಶೇಷಗಳನ್ನು ರಾಜಧಾನಿಯ ಅವಶೇಷಗಳೆಂದಷ್ಟೇ ಅಲ್ಲದೆ ಕೇರಿಗಳ ಅವಶೇಷಗಳೆಂದೂ ನೋಡುವ ಕೆಲಸ ಇನ್ನೂ ಆಗಬೇಕಾಗಿದೆ.

ಸಾಂತರರ ಶಾಖೆಗಳು ಮುಂದೆ ಬೇರೆಬೇರೆ ದಿಕ್ಕಿಗೆ ಹೋದವು. ಒಂದು ಇಂದಿನ ಸಾಗರ ತಾಲೂಕಿನ ಹೊಸಗುಂದದಲ್ಲಿ ನೆಲೆಸಿತು. ಇನ್ನೊಂದು ಕಳಸಕ್ಕೂ ಅಲ್ಲಿಂದ ಘಟ್ಟವಿಳಿದು ಕಾರ್ಕಳಕ್ಕೂ ಹೋಯಿತು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯನು ತಾನು ಜಿನದತ್ತನ ವಂಶದವನೆಂದು ಹೇಳಿಕೊಂಡಿದ್ದಾನೆ. ಹೊಂಬುಜದ ಗುಡ್ಡದ ಮೇಲೆ 9ನೆಯ ಶತಮಾನದ ಕೊನೆಯಲ್ಲಿಯೇ ಒಂದು ಬಾಹುಬಲಿ ನಿಂತಿದ್ದನು. ಆರಂಭಕಾಲದ ಆ ಸಣ್ಣ ಮೂರ್ತಿಗೂ ಕಾರ್ಕಳದ 42 ಅಡಿಯ ಏಕಶಿಲೆಗೂ ನಡುವೆ ಐದು ಶತಮಾನಗಳ ಅಂತರವಿದೆ. ಗುಡ್ಡದ ನೆತ್ತಿಯಲ್ಲಿ ಬಾಹುಬಲಿ, ಕೆಳಗೆ ಊರು, ಬದಿಯಲ್ಲಿ ಕೆರೆ ಎಂಬ ಪಟ್ಟಣದ ಕಲ್ಪನೆ ಮಾತ್ರ ಘಟ್ಟ ದಾಟಿದರೂ ಉಳಿಯಿತು. ವಲಸೆ ಹೋದವರು ಹೊಸ ಊರನ್ನು ಹಳೆಯ ಊರಿನ ಅಚ್ಚಿನಲ್ಲಿ ಎರೆಯುವುದು ಎಲ್ಲ ಕಾಲದ ಮಾತು.

ಘಟ್ಟದ ಮೇಲೆ ಕೆಳದಿಯವರ ಕಾಲಕ್ಕೆ ಬಂದರೆ ರಾಜಧಾನಿಯ ಸ್ಥಳಾಂತರ ಇನ್ನಷ್ಟು ತ್ವರಿತವಾಗುತ್ತದೆ. ಕೆಳದಿಗೂ ಇಕ್ಕೇರಿಗೂ ನಡುವೆ ಸದಾಶಿವ ನಾಯಕನು ಕಟ್ಟಿಸಿದನೆನ್ನುವ ಸದಾಶಿವಸಾಗರದಿಂದ ಸಾಗರಕ್ಕೆ ಹೆಸರು ಬಂದಿತು; ಇಂದು ಜನ ಅದನ್ನು ಗಣಪತಿ ಕೆರೆ ಎನ್ನುತ್ತಾರೆ. ಎರಡು ರಾಜಧಾನಿಗಳು ಹಳ್ಳಿಗಳಾಗಿ, ಅವುಗಳ ನಡುವಣ ಕೆರೆಯ ದಂಡೆ ಪಟ್ಟಣವಾದದ್ದು ಈ ಸೀಮೆಯ ಸ್ವಭಾವಕ್ಕೆ ತಕ್ಕುದೇ ಆಗಿದೆ.

ಇಕ್ಕೇರಿಯ ಬಗೆಗೆ ನಮಗೆ ಒಂದು ಅಪರೂಪದ ಕಣ್ಣುಸಾಕ್ಷಿಯಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ರಾಯಭಾರದೊಡನೆ ಕರಾವಳಿಯಿಂದ ಘಟ್ಟವೇರಿ ವೆಂಕಟಪ್ಪ ನಾಯಕನ ರಾಜಧಾನಿಗೆ ಬಂದನು. ದಾರಿಯಲ್ಲಿ ಗೇರುಸೊಪ್ಪೆಯನ್ನು ಕಂಡನು. ಕೆಲವೇ ದಶಕಗಳ ಹಿಂದೆ ಜೈನ ರಾಣಿಯ ಸಿರಿವಂತ ಪಟ್ಟಣವಾಗಿದ್ದ ಅದು ಅಷ್ಟರಲ್ಲಿಯೇ ಪಾಳುಬಿದ್ದು ಕಾಡು ಹಬ್ಬಿತ್ತು. ಘಟ್ಟ ಹತ್ತಿ ಇಕ್ಕೇರಿ ತಲುಪಿದಾಗ ಅವನ ಯುರೋಪಿನ ಕಣ್ಣಿಗೆ ಅದೊಂದು ನಗರವಾಗಿ ಕಾಣಿಸಲಿಲ್ಲ. ಸುತ್ತ ಬಿದಿರ ಮೆಳೆಯ ಬೇಲಿ, ವಿಸ್ತಾರವಾದ ಆವರಣ, ವಿರಳವಾದ ಮನೆಗಳು, ಅಗಲವಾದ ಬೀದಿಗಳು, ಮರಗಳ ನೆರಳು, ಕೆರೆಗಳು. ಅವನು ಇದನ್ನು ಕೊರತೆಯೆಂಬಂತೆ ಬರೆದನು. ಮಲೆನಾಡಿನ ಓದುಗನಿಗೆ ಅದು ಕೊರತೆಯಲ್ಲ. ಮನೆಗೊಂದು ಹಿತ್ತಿಲು, ಹಿತ್ತಿಲಿಗೊಂದು ಬೇಲಿ, ಬೇಲಿಯಾಚೆ ಕಾಡು ಎಂಬ ಕ್ರಮದಲ್ಲಿ ಬೆಳೆದ ಊರು ಅದು. ಸಂಜೆಯ ಹೊತ್ತು ಹೆಣ್ಣುಮಕ್ಕಳು ಕೋಲು ಹಿಡಿದು ಸುತ್ತುಗಟ್ಟಿ ಕುಣಿದದ್ದನ್ನೂ ಆತ ಬರೆದಿಟ್ಟನು. ಅರಸನ ಆಸ್ಥಾನದ ವಿವರಗಳು ಬೇರೆಡೆಯೂ ಸಿಗುತ್ತವೆ. ಬೀದಿಯ ಕೋಲಾಟ ಸಿಗುವುದು ಇಂಥ ಕುತೂಹಲಿಯ ಪತ್ರಗಳಲ್ಲಿ ಮಾತ್ರ.

ಗೇರುಸೊಪ್ಪೆಯ ಅಳಿವನ್ನೂ ಇಕ್ಕೇರಿಯ ಏಳಿಗೆಯನ್ನೂ ಧರ್ಮಗಳ ಸೋಲು ಗೆಲುವಾಗಿ ಓದುವ ರೂಢಿಯಿದೆ. ಅದಕ್ಕೆ ತೀರ್ಥಹಳ್ಳಿ ತಾಲೂಕಿನ ಮೇಳಿಗೆ ಅಡ್ಡಬರುತ್ತದೆ. ಮೇಳಿಗೆಯ ಅನಂತನಾಥ ಬಸದಿಯನ್ನು ವರ್ತಕನಾದ ಬೊಮ್ಮಣ ಸೆಟ್ಟಿ ಕಟ್ಟಿಸಿದ್ದು 1608ರಲ್ಲಿ, ಅಂದರೆ ವೆಂಕಟಪ್ಪ ನಾಯಕನ ಕಾಲದಲ್ಲಿಯೇ. ಅರಸೊತ್ತಿಗೆಯ ಆಸರೆ ತಪ್ಪಿದ ಜೈನ ಕಲೆ ಸೆಟ್ಟಿಗಳ ಆಸರೆಗೆ ಬಂದಿತು. ರಾಜಧಾನಿಯಿಂದ ವ್ಯಾಪಾರದ ದಾರಿಯ ಊರುಗಳಿಗೆ ಸರಿಯಿತು. ಮೇಳಿಗೆಯನ್ನು ಇಂದು ಬಹುಪಾಲು ಜನ ಯು. ಆರ್. ಅನಂತಮೂರ್ತಿಯವರ ಹುಟ್ಟೂರೆಂದು ಬಲ್ಲರು. ಅಲ್ಲಿಯ ಬಸದಿಯೂ ಸಾಹಿತ್ಯದ ವಿದ್ಯಾರ್ಥಿಗಳ ಗಮನಕ್ಕೆ ಬರಬೇಕು.

ಇಕ್ಕೇರಿಯ ಅಘೋರೇಶ್ವರ ದೇವಾಲಯದ ನೆಲದ ಮೇಲೆ, ಗರ್ಭಗೃಹಕ್ಕೆ ಎದುರಾಗಿ, ಅಡ್ಡಬಿದ್ದು ನಮಸ್ಕರಿಸುವ ಮೂವರು ಕೆಳದಿ ಅರಸರ ಉಬ್ಬುಚಿತ್ರಗಳಿವೆ; ತಲೆಯ ಬಳಿ ಹೆಸರುಗಳಿವೆ. ಅವರಲ್ಲಿ ಹುಚ್ಚ ಸೋಮಶೇಖರನು ಕೈಕಾಲಿಗೆ ಸಂಕೋಲೆ ತೊಟ್ಟಂತೆ ಚಿತ್ರಿತನಾಗಿದ್ದಾನೆ. ವಂಶಚರಿತ್ರೆಯಾದ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಅರಸುಗಳನ್ನು ಹೊಗಳಬೇಕು. ನೆಲದ ಕಲ್ಲಿಗೆ ಆ ಹಂಗಿರಲಿಲ್ಲ. ರೈಸ್ ತನ್ನ ಗೆಜೆಟಿಯರಿನಲ್ಲಿ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದಾನೆ: ಶಿವಪ್ಪ ನಾಯಕನ ಶಿಸ್ತಿನಲ್ಲಿ ಅಡಕೆ ತೋಟ ಅಳೆಯುವ ಕೋಲಿಗೆ ಇದೇ ದೇವಾಲಯದ ಕಂಬಗಳ ನಡುವಣ ಅಂತರವೇ ಪ್ರಮಾಣವಾಗಿತ್ತು. ರಾಜಧಾನಿ ಬಿದನೂರಿಗೆ ಹೋದ ಮೇಲೆಯೂ ಅಳತೆಗೋಲು ಇಕ್ಕೇರಿಯಲ್ಲಿಯೇ ನಿಂತಿತು. ನಾಣ್ಯದ ಹೆಸರಿನಲ್ಲಿಯೂ ಹೀಗೆಯೇ ಆಯಿತು. ಟಂಕಸಾಲೆ ಇಕ್ಕೇರಿಯನ್ನು ಬಿಟ್ಟು ಹೋದರೂ ನಾಣ್ಯವನ್ನು ಜನ ಇಕ್ಕೇರಿ ವರಹವೆಂದೇ ಕರೆದರು.

ಬಿದನೂರು ಹೆಸರೇ ಹೇಳುವಂತೆ ಬಿದಿರಿನ ಊರು, ಸಂಸ್ಕೃತದಲ್ಲಿ ವೇಣುಪುರವಾಯಿತು. 17ನೆಯ ಶತಮಾನದ ನಡುವಿನಲ್ಲಿ ಶಿವಪ್ಪ ನಾಯಕನ ಕಾಲಕ್ಕೆ ಅದು ಹಿರಿಯ ವ್ಯಾಪಾರದ ಪಟ್ಟಣವಾಗಿ ಬೆಳೆಯಿತು. 1763ರಲ್ಲಿ ಹೈದರ್ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಕಾಲಕ್ರಮದಲ್ಲಿ ಹೈದರ್ ಬಿಟ್ಟುಹೋಗಿ ನಗರ ಉಳಿಯಿತು. ಮುಂದೆ ನಗರತನವೂ ಬಿಟ್ಟುಹೋಗಿ ಹೆಸರು ಉಳಿಯಿತು.

ರಾಜಧಾನಿಗಳ ಜೊತೆಯಲ್ಲಿ ಕೈಕಸುಬಿನವರೂ ಅಲೆದರು. ಸಾಗರ, ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ಬಂದವರೆಂಬ ಹೇಳಿಕೆ ಆ ಸಮುದಾಯದಲ್ಲಿದೆ. ಇವರು ಗಂಧದ ಪೆಟ್ಟಿಗೆ ಕೆತ್ತುವುದರ ಜೊತೆಗೆ ಮದುವೆಗೆ ಬೆಂಡಿನ ಬಾಸಿಂಗವನ್ನೂ ಮಾಡಿಕೊಡುತ್ತ ಬಂದವರು. ಬಂದ ಕಸುಬುದಾರ ಇದ್ದವರ ಮದುವೆಗೆ ಬೇಕಾದವನಾದಾಗ ಮಾತ್ರ ಊರಿನವನಾಗುತ್ತಾನೆ. ತೀರ್ಥಹಳ್ಳಿಯ ಕಡೆಯ ತೋಟಗದ್ದೆಗಳಿಗೆ ಘಟ್ಟದ ಕೆಳಗಿನಿಂದ ಬಂದ ಕೂಲಿಕಾರರ ಚರಿತ್ರೆ ಇನ್ನೊಂದು ದೊಡ್ಡ ಅಧ್ಯಾಯ; ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಅದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಇದುವರೆಗಿನ ವಲಸೆಗಳಲ್ಲಿ ಹಳೆಯ ಊರು ಹಾಳಾದರೂ ನೆಲ ಇದ್ದೇ ಇತ್ತು. 20ನೆಯ ಶತಮಾನದಲ್ಲಿ ನೆಲವೇ ಹೋಯಿತು. ಜೋಗದ ವಿದ್ಯುತ್ ಕೇಂದ್ರಕ್ಕಾಗಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಕೇಂದ್ರ 1948ರಲ್ಲಿ ಕೆಲಸ ಆರಂಭಿಸಿತು. ಆಗಲೇ ಒಂದು ಸುತ್ತು ಮುಳುಗಡೆಯಾಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹಿರೇಭಾಸ್ಕರವೂ ನೀರಿನಡಿ ಹೋಯಿತು. ಅಣೆಕಟ್ಟನ್ನು ಅಣೆಕಟ್ಟೇ ಮುಳುಗಿಸಿದ ಪ್ರಸಂಗವಿದು. ಸಾಗರ ಮತ್ತು ಹೊಸನಗರ ತಾಲೂಕುಗಳ ಕಣಿವೆಯ ಊರುಗಳು ಖಾಲಿಯಾದವು. ಮುಂದೆ ವಾರಾಹಿ ಯೋಜನೆಯ ಮಾಣಿ ಅಣೆಕಟ್ಟಿನಿಂದ ಹೊಸನಗರ ತಾಲೂಕಿಗೆ ಮತ್ತೊಂದು ಪೆಟ್ಟು ಬಿದ್ದಿತು.

ಈ ಮುಳುಗಡೆಗೆ ಒಂದು ಹಿನ್ನೆಲೆಯಿದೆ, ಅದನ್ನು ಬಿಟ್ಟು ಓದಿದರೆ ಅರ್ಥವಾಗದು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ದೀವರ ಗೇಣಿದಾರರು ಗೇಣಿ ಅಳೆಯುವ ಕೊಳಗದ ಪ್ರಶ್ನೆಯನ್ನೆತ್ತಿ ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂತಾದವರ ನಾಯಕತ್ವ, ರಾಮಮನೋಹರ ಲೋಹಿಯಾ ಅವರ ಬಂಧನ ಎಲ್ಲ ತಿಳಿದ ವಿಷಯವೇ. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿ ಜಾರಿಗೆ ಬಂದದ್ದು 1974ರಲ್ಲಿ. ನಡುವೆ, 1964ರಲ್ಲಿ ಅಣೆಕಟ್ಟು ತುಂಬಿತು. ಅಂದರೆ ಕಣಿವೆಯ ಗೇಣಿದಾರನಿಗೆ ಭೂಮಿಯ ಒಡೆತನದ ಕಾನೂನು ಬಂದದ್ದು ಅವನ ಭೂಮಿ ನೀರಿನಡಿ ಸೇರಿ ಹತ್ತು ವರ್ಷಗಳಾದ ಮೇಲೆ. ಪರಿಹಾರ ದಾಖಲೆಯನ್ನು ಅನುಸರಿಸುತ್ತದೆ. ದಾಖಲೆಯಲ್ಲಿ ಅವನು ಒಡೆಯನಾಗಿರಲಿಲ್ಲ. ಸ್ಥಳಾಂತರಗೊಂಡವರು ಜಿಲ್ಲೆಯ ಕಾಡಿನಂಚಿನ ನೆಲಗಳಲ್ಲಿ ಬಿಡಾರ ಹೂಡಿದರು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ನಂತರ ಆ ನೆಲದ ಹಕ್ಕು ಕೇಂದ್ರದ ಒಪ್ಪಿಗೆಯ ಪ್ರಶ್ನೆಯಾಯಿತು. ರಾಜ್ಯ ಸರ್ಕಾರ ಹೊರಡಿಸಿದ್ದ ಡಿನೋಟಿಫಿಕೇಶನ್ ಆದೇಶಗಳು ಉಚ್ಚ ನ್ಯಾಯಾಲಯದಲ್ಲಿ 2021ರಲ್ಲಿ ರದ್ದಾದವು. ವಲಸೆಯಾಗಿ ಮೂರು ತಲೆಮಾರು ಕಳೆದರೂ ಹಕ್ಕುಪತ್ರದ ಮಾತು ಮುಗಿದಿಲ್ಲ.

ಹೀಗೆ ಕಣಿವೆಯನ್ನು ಬಿಟ್ಟವರಲ್ಲಿ ದೊಡ್ಡ ಪಾಲು ದೀವರದು. ಮೈಸೂರು ಸಂಸ್ಥಾನದ ಜನಾಂಗ ವಿವರಣೆ ಎಚ್. ವಿ. ನಂಜುಂಡಯ್ಯನವರಿಂದ ಆರಂಭವಾಗಿ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರಿಂದ 1928 ಮತ್ತು 1935ರ ನಡುವೆ ಗ್ರಂಥರೂಪದಲ್ಲಿ ಹೊರಬಂದಾಗ, ಅಧಿಕೃತ ಬರಹಗಳಲ್ಲಿ ಈ ಸಮುದಾಯಕ್ಕಿದ್ದ ಹೆಸರು ಹಳೇಪೈಕ. ಕುಲ, ಕಸುಬು, ಮದುವೆ, ಶವಸಂಸ್ಕಾರ ಎಂಬ ತಲೆಬರಹಗಳಡಿ ಜನರನ್ನು ಜೋಡಿಸಿಡುವ ಆ ಪದ್ಧತಿಗೆ ಗೋಡೆಯ ಚಿತ್ತಾರ ಮುಖ್ಯವೆನಿಸಲಿಲ್ಲ. ಅದೇ ಕಾಲದ ಕಲಾಚರಿತ್ರೆಗೂ ಅದು ಬೇಕಾಗಲಿಲ್ಲ. ಅದಕ್ಕೆ ಹೊಯ್ಸಳ ಶಿಲ್ಪವಿತ್ತು. ಎರಡು ಶಾಸ್ತ್ರಗಳ ನಡುವಣ ಬಿರುಕಿನಲ್ಲಿ ಚಿತ್ತಾರ ಬಹುಕಾಲ ಕಾಣದೆ ಉಳಿಯಿತು.

ಚಿತ್ತಾರ ಹೆಂಗಸರ ಕೆಲಸ. ಕೆಮ್ಮಣ್ಣು ಸಾರಿಸಿದ ಗೋಡೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ. ಕುಂಚಕ್ಕೆ ಪುಂಡಿಯ ನಾರು. ಎಲ್ಲವೂ ಹಿತ್ತಿಲು, ಗದ್ದೆ, ಕಾಡುಗಳ ವಸ್ತು, ಕೊಂಡು ತರುವುದೇನೂ ಇಲ್ಲ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುವುದು ಹಸೆ ಚಿತ್ತಾರ. ಚೌಕಟ್ಟಿನೊಳಗೆ ಚೌಕಟ್ಟು, ಎಳೆಗೆ ಎಳೆ ಸೇರಿಸಿ ಕಟ್ಟಿದ ಜಾಲ. ಅದರೊಳಗೆ ಮದುಮಕ್ಕಳು, ದಂಡಿಗೆ, ತೇರು. ಬರೆಯುವಾಗ ಹಾಡು ಇರುತ್ತದೆ. ನೋಡುವವನಿಗೆ ಇದು ಮೊದಲು ಜ್ಯಾಮಿತಿಯಾಗಿ ಕಾಣಬಹುದು. ಸ್ವಲ್ಪ ನಿಂತು ನೋಡಿದರೆ ಅದು ಮನೆಯೇ ಎಂದು ತಿಳಿಯುತ್ತದೆ: ಕಂಬ, ತೊಲೆ, ಒಳಾಂಗಣ, ಹೊಸ್ತಿಲು. ಮನೆಯ ಗೋಡೆಯ ಮೇಲೆ ಮನೆಯನ್ನೇ ಬರೆಯುತ್ತಾರೆ. ಮದುವೆಯೆಂದರೆ ಒಂದು ಹೆಣ್ಣು ಮನೆ ಬದಲಿಸುವ ಸಂದರ್ಭ, ಹಳ್ಳಿಯ ಬದುಕಿನ ಅತ್ಯಂತ ಸಾಮಾನ್ಯ ವಲಸೆ. ಆ ಗಳಿಗೆಯಲ್ಲಿ ಮನೆಯ ಚಿತ್ರ ಬರೆಯುವುದು ಅಲಂಕಾರಕ್ಕಷ್ಟೇ ಎಂದುಕೊಳ್ಳುವುದು ಕಷ್ಟ.

ಭೂಮಿ ಹುಣ್ಣಿಮೆಯ ಬುಟ್ಟಿಯೂ ಇದೇ ಕೈಗಳ ಕೃತಿ. ಆಶ್ವಯುಜದಲ್ಲಿ, ಪೈರು ತೆನೆಗಟ್ಟುವ ಹೊತ್ತಿಗೆ, ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಕೊಡುವ ಹಬ್ಬವದು. ಸೆಗಣಿ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಬಿಳಿಯ ಎಳೆಗಳ ಚಿತ್ತಾರ; ಅದರಲ್ಲಿ ಅಡುಗೆ ತುಂಬಿ ಬೆಳಕು ಹರಿಯುವ ಮುನ್ನ ಗದ್ದೆಗೆ ಹೊರುತ್ತಾರೆ. ಬುಟ್ಟಿ ಗೋಡೆಯಂತಲ್ಲ, ಹೊತ್ತೊಯ್ಯಬಹುದು. ಆದರೆ ಗದ್ದೆಯಿಲ್ಲದೆ ಅದಕ್ಕೆ ಹೋಗಲು ಸ್ಥಳವಿಲ್ಲ.

ಮುಳುಗಡೆಯ ಪರಿಹಾರದ ಕಡತ ಗದ್ದೆಯನ್ನು ಎಕರೆ ಗುಂಟೆಗಳಲ್ಲಿ ಅಳೆಯಿತು, ಮನೆಯನ್ನು ಕಟ್ಟಡವಾಗಿ ಬೆಲೆಕಟ್ಟಿತು. ಚಿತ್ತಾರ ಮನೆಯನ್ನು ಅಳೆದದ್ದು ಬೇರೆ ರೀತಿ: ಯಾರು ಎಲ್ಲಿ ಕೂರಬೇಕು, ಯಾವ ಗೋಡೆಯ ಮುಂದೆ ಹಸೆ ಹಾಸಬೇಕು. ಕಣಿವೆಯ ಒಂದು ಮನೆ ಏನಾಗಿತ್ತೆಂದು ತಿಳಿಯಬೇಕಾದ ಚರಿತ್ರಕಾರ ಕಡತ ಮತ್ತು ಚಿತ್ತಾರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಅಮೆರಿಕದ ದಕ್ಷಿಣದಿಂದ ಉತ್ತರದ ಪಟ್ಟಣಗಳಿಗೆ ಹೋದ ಕಪ್ಪು ಜನರ ವಲಸೆಯನ್ನು ಜೇಕಬ್ ಲಾರೆನ್ಸ್ 1941ರ ಹೊತ್ತಿಗೆ 60 ಸಣ್ಣ ಫಲಕಗಳಲ್ಲಿ ಚಿತ್ರಿಸಿ, ಒಂದೊಂದಕ್ಕೂ ಸರಳ ವಿವರಣೆಯ ವಾಕ್ಯ ಬರೆದನು. ಅವನು ಮೊದಲು ಗ್ರಂಥಾಲಯದಲ್ಲಿ ಕುಳಿತು ಅಧ್ಯಯನ ಮಾಡಿ ನಂತರ ಬರೆದವನು. ಶರಾವತಿಯ ಹೆಂಗಸರಿಗೆ ಅಂಥ ಉದ್ದೇಶವೇನೂ ಇರಲಿಲ್ಲ. ಅವರು ವಲಸೆಯನ್ನು ಚಿತ್ರಿಸಲಿಲ್ಲ. ಚಿತ್ರಿಸುತ್ತಿದ್ದುದನ್ನೇ ವಲಸೆಯ ನಂತರವೂ ಚಿತ್ರಿಸಿದರು. ಸಾಕ್ಷ್ಯದ ದೃಷ್ಟಿಯಿಂದ ಎರಡನೆಯದು ಕಡಿಮೆಯದಲ್ಲ.

ಕಡತದ ಬದಿಯಲ್ಲಿ ಕುಳಿತು ಕಣಿವೆಯ ಕಥೆ ಬರೆದವರೂ ಒಬ್ಬರಿದ್ದರು. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ‘ದ್ವೀಪ’, ‘ಮುಳುಗಡೆ’ ಕಾದಂಬರಿಗಳು ಆ ಅನುಭವದಿಂದ ಬಂದವು. ‘ದ್ವೀಪ’ವನ್ನು ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ ಚಲನಚಿತ್ರವಾಗಿಸಿದರು, ಅದು ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಚಿತ್ರದ ದುಗ್ಗಜ್ಜ ಗುಡ್ಡವನ್ನು ಬಿಟ್ಟು ಬರಲೊಪ್ಪುವುದಿಲ್ಲ. ಅವನು ಹಟಮಾರಿಯೆಂಬುದು ಮೇಲುನೋಟದ ಕಾರಣ. ಗುಡ್ಡದ ದೇವರಿಗೆ ಸೇವೆ ಸಲ್ಲಿಸುವವನಾಗಿ ಅವನಿಗೊಂದು ಸ್ಥಾನವಿದೆ. ಕೆಳಗಿನ ಊರಿಗೆ ಹೋದರೆ ಅವನು ಕೇವಲ ಒಬ್ಬ ಮುದುಕ. ಲೊಕ್ಕಿಯಬ್ಬೆಯ ಕಥೆಯಲ್ಲಿ ದೇವಿ ಬಂದವನೊಡನೆ ಬಂದು ಊರ ಗಿಡದಲ್ಲಿ ನೆಲೆನಿಂತಳು. ಇಲ್ಲಿ ದೇವರು ಹೊರಡುವುದಿಲ್ಲ, ಆದುದರಿಂದ ಮನುಷ್ಯನೂ ಹೊರಡಲಾರ. ಸಾವಿರ ವರ್ಷಗಳ ಅಂತರದ ಈ ಎರಡು ಕಥೆಗಳನ್ನು ಒಟ್ಟಿಗಿಟ್ಟು ಪಾಠ ಮಾಡುವುದು ಕನ್ನಡ ತರಗತಿಗಳಲ್ಲಿ ಸಾಧ್ಯವಾಗಬೇಕು.

ಮುಳುಗಿದ ಊರುಗಳ ಜನ ಈಗ ಎಲ್ಲೆಲ್ಲೋ ಇದ್ದಾರೆ. ಅವರ ಮಕ್ಕಳಲ್ಲಿ ಅನೇಕರು ಸಾಗರ, ಶಿವಮೊಗ್ಗ, ಬೆಂಗಳೂರುಗಳ ಸಿಮೆಂಟು ಗೋಡೆಗಳ ನಡುವೆ. ಸಿಮೆಂಟು ಗೋಡೆ ಕೆಮ್ಮಣ್ಣಿನ ಸಾರಣೆಯನ್ನು ಹಿಡಿಯುವುದಿಲ್ಲ. ಚಿತ್ತಾರ ಗೋಡೆಯಿಂದಿಳಿದು ಕಾಗದ, ಬಟ್ಟೆ, ಹಲಗೆಗಳಿಗೆ ಬಂದಿದೆ. ಪ್ರದರ್ಶನಗಳಿಗೆ, ಹೋಟೆಲುಗಳ ಪಡಸಾಲೆಗೆ, ಉಡುಗೊರೆಯ ಅಂಗಡಿಗೆ ಬಂದಿದೆ. ಇದರಿಂದ ಕೆಲವು ಹೆಂಗಸರಿಗೆ ಸಂಪಾದನೆಯಾಗಿದೆ, ಹೆಸರು ಬಂದಿದೆ; ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಚೌಕಟ್ಟಿನ ಕೆಳಗಿನ ಚೀಟಿ ‘ಮಲೆನಾಡಿನ ಜನಪದ ಕಲೆ’ ಎಂದಷ್ಟೇ ಹೇಳಿದಾಗ ಅದು ಪರಿಹಾರದ ಕಡತಕ್ಕಿಂತ ಹೆಚ್ಚೇನನ್ನೂ ಹೇಳಿದಂತಾಗುವುದಿಲ್ಲ. ಬರೆದವಳ ಹೆಸರು, ಅವಳಿಗೆ ಕಲಿಸಿದವಳ ಹೆಸರು, ಆ ಮಾದರಿಯನ್ನು ಬರೆಯುತ್ತಿದ್ದ ಊರು, ಆ ಊರು ಇಂದು ನೀರಿನ ಮೇಲಿದೆಯೋ ಕೆಳಗಿದೆಯೋ ಎಂಬುದು, ಇಷ್ಟಾದರೂ ಚೀಟಿಯಲ್ಲಿರಬೇಕು. 1077ರ ಶಾಸನ ಚಟ್ಟಲದೇವಿಯ ಬಂಧುಗಳನ್ನು ಹೆಸರಿಸಿದೆ. ಅಷ್ಟು ಔದಾರ್ಯವನ್ನು ನಮ್ಮ ವಸ್ತುಸಂಗ್ರಹಾಲಯಗಳಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ. ಹಿರಿಯ ಹೆಂಗಸರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು, ಸಂಶೋಧನ ವಿದ್ಯಾರ್ಥಿಗಳಿಗೆ ಇದಕ್ಕಿಂತ ತುರ್ತಾದ ವಿಷಯ ಈ ಮೂರು ತಾಲೂಕುಗಳಲ್ಲಿ ಬೇರೊಂದು ಸಿಗಲಾರದು.

ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುತ್ತದೆ. ನೋಡಲು ಜನ ಹೋಗುತ್ತಾರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, ಲಾಂಚಿನಲ್ಲಿ ಗಾಡಿಗಳನ್ನೂ ಜನರನ್ನೂ ದಾಟಿಸುತ್ತಿದ್ದ ಹಿನ್ನೀರಿನ ಮೇಲೆ, 2025ರ ಜುಲೈನಲ್ಲಿ ಸೇತುವೆ ತೆರೆಯಿತು. ತುಮರಿಯ ಕಡೆಯವರಿಗೆ ಸಾಗರದ ನೇರ ದಾರಿ ಸಿಕ್ಕಿದ್ದು ಅಣೆಕಟ್ಟು ತುಂಬಿದ 61 ವರ್ಷಗಳ ಮೇಲೆ. ಚಿತ್ತಾರವನ್ನು ಈಗ ಕಾಗದದ ಮೇಲೆ ಬರೆಯುವವರು ಎಳೆ ಹಾಕುವ ಮೊದಲು ಕಾಗದಕ್ಕೆ ಕೆಮ್ಮಣ್ಣನ್ನು ಬಳಿದು ಒಣಗಿಸುತ್ತಾರೆ. ಬಿಳಿಯ ಕಾಗದದ ಮೇಲೆ ಬಿಳಿಯ ಎಳೆ ಕಾಣುವುದಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಅದು ಗೋಡೆಯಾಗಬೇಕು ಎಂಬುದು ಇನ್ನೊಂದು.